ಅವಸರದ ರುಜುವಿನ ಊರಿಗೆ

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕುಳಿತವನು ನಾನು. ನಾನಾಗಿ ಆಸ್ತಿ ಕೊಂಡದ್ದು ಒಂದೇ ಸಲ. ಬೇರೆಯವರು ಕೊಂಡದ್ದು, ಮಾರಿದ್ದು ನೋಡಿದ್ದಕ್ಕೆ ಲೆಕ್ಕವಿಲ್ಲ. ನೆಮ್ಮದಿಯಾಗಿ ಹಾಕಿದ ರುಜು ಯಾವುದು, ಮನೆಯಲ್ಲಿ ಮಗಳ ಮದುವೆ ಇಟ್ಟುಕೊಂಡು ಹಾಕಿದ ರುಜು ಯಾವುದು ಎಂದು ಕಾಗದ ತಿರುಗಿಸಿದೊಡನೆ ಹೇಳಬಲ್ಲೆ. ಎರಡನೆಯದರಲ್ಲಿ ಕೊನೆಯ ಅಕ್ಷರ ಕೆಳಕ್ಕೆ ಜಾರಿರುತ್ತದೆ.

ಮಗಳಿಗೆ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಕೆಲಸ. ಆಗಸ್ಟ್‌ನಲ್ಲಿ ನಾನೂ ನನ್ನಾಕೆಯೂ ಅಲ್ಲಿಗೆ ಹೋದೆವು. ಅಲ್ಲಿಗೆ ಹೋದವರೆಲ್ಲ ಟ್ರಾಕೈ ಕೋಟೆ ನೋಡುತ್ತಾರೆ, ಬಾಲ್ಟಿಕ್ ಕಡಲಿಗೆ ಹೋಗುತ್ತಾರೆ. ನನ್ನ ತಲೆಯಲ್ಲಿ ಹೊಕ್ಕಿದ್ದು ಬೇರೆ: 1655ರಲ್ಲಿ ಲಿಥುವೇನಿಯಾದ ಕುಲೀನರು ಸ್ವೀಡನ್ನಿನ ರಾಜ ಹತ್ತನೇ ಚಾರ್ಲ್ಸ್ ಗುಸ್ತಾವನಿಗೆ ಬರೆದುಕೊಟ್ಟ, ಒಂದು ವರ್ಷವೂ ಬಾಳದ ಕರಾರು. ಅದು ಎಲ್ಲಿ ಹುಟ್ಟಿತು, ಎಲ್ಲಿ ಸತ್ತಿತು ಎಂದು ನೋಡಿಕೊಂಡು ಬರೋಣ ಎಂದೆ. ಮಗಳಿಗೆ ರಜೆ ಸಿಗಲಿಲ್ಲ. "ಅಪ್ಪಾ, ನಿವೃತ್ತಿಯಾದ ಮೇಲೂ ದಸ್ತಾವೇಜೇ ಬೇಕೇ?" ಎಂದು ನಕ್ಕು, ಟಿಕೆಟುಗಳನ್ನೆಲ್ಲ ಮೊಬೈಲಿಗೆ ಹಾಕಿಕೊಟ್ಟಳು.

ಮೊದಲ ದಿನ: ವಿಲ್ನಿಯಸ್

ಕಥೆ ಇಲ್ಲಿಂದಲೇ ಶುರು ಮಾಡಬೇಕಿತ್ತು. ಹಳೆಯ ಊರಿನ ಅಂಚಿನಲ್ಲಿರುವ ವಿಲ್ನಿಯಸ್ ಬೀದಿಯಲ್ಲಿ, ಆ ಕರಾರಿಗೆ ಮುಂದಾಳಾದ ಯೊನುಷಸ್ ರಾದ್ವಿಲಾನ ಅರಮನೆ ಇದೆ. ಈಗ ಕಲಾ ಸಂಗ್ರಹಾಲಯ. ಆತ ಲಿಥುವೇನಿಯಾದ ಮಹಾ ಹೆಟ್ಮನ್, ಅಂದರೆ ಸೈನ್ಯದ ದೊಡ್ಡ ತಲೆ. ಕ್ಯಾಥೊಲಿಕರೇ ಹೆಚ್ಚಿದ್ದ ರಾಜ್ಯದಲ್ಲಿ ಪ್ರಾಟೆಸ್ಟಂಟರ ಕ್ಯಾಲ್ವಿನ್ ಪಂಥದವನು. ದೊಡ್ಡ ಅರಮನೆಯಲ್ಲಿ ಉಳಿದಿರುವುದು ಒಂದು ಭಾಗ ಮಾತ್ರ. ಅಂಗಳದಲ್ಲಿ ನಿಂತು ಕಾಣೆಯಾದ ಉಳಿದ ಭಾಗವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು.

1569ರ ಲುಬ್ಲಿನ್ ಒಪ್ಪಂದದಿಂದ ಪೋಲೆಂಡ್ ಮತ್ತು ಲಿಥುವೇನಿಯಾ ಒಂದೇ ರಾಜನ ಕೆಳಗೆ ಒಂದಾಗಿದ್ದವು. 1654ರಲ್ಲಿ ಮಾಸ್ಕೋದ ತ್ಸಾರ್ ಅಲೆಕ್ಸೇ ಪೂರ್ವದಿಂದ ನುಗ್ಗಿದ. ಪೋಲೆಂಡಿನಲ್ಲಿ ಕುಳಿತ ರಾಜ ಯಾನ್ ಕಾಜಿಮಿರ್‌ನಿಂದ ನೆರವು ಬರಲಿಲ್ಲ. ಬರುವ ಸ್ಥಿತಿಯಲ್ಲಿ ಅವನೂ ಇರಲಿಲ್ಲ, ಏಕೆಂದರೆ ಮರುವರ್ಷ ಬೇಸಿಗೆಯಲ್ಲಿ ಪಶ್ಚಿಮದಿಂದ ಸ್ವೀಡನ್ನರು ನುಗ್ಗಿದರು. 1655ರ ಆಗಸ್ಟ್ 8ರಂದು ವಿಲ್ನಿಯಸ್ ತ್ಸಾರನ ಸೈನ್ಯದ ಕೈಗೆ ಬಿತ್ತು. ಊರು ಹದಿನೇಳು ದಿನ ಉರಿಯಿತೆಂದು ಬರೆದಿಟ್ಟಿದ್ದಾರೆ.

ಆಗಸ್ಟ್ 17ಕ್ಕೆ ಕೇಡೈನೈ ಎಂಬ ಊರಿನಲ್ಲಿ ಮೊದಲ ರುಜು ಬಿತ್ತು. ನಡುವೆ ಒಂಬತ್ತು ದಿನ. ನನ್ನ ಕಚೇರಿಗೆ ಬರುತ್ತಿದ್ದವರೂ ಹೀಗೆಯೇ: ಮನೆಗೆ ಬೆಂಕಿ ಬಿದ್ದ ವಾರಕ್ಕೆ ಜಮೀನು ಬರೆದುಕೊಡುವವರು.

ಮಧ್ಯಾಹ್ನ ಮಗಳು ಹೇಳಿಕಳಿಸಿದ್ದ ಸಣ್ಣ ಹೋಟೆಲಿನಲ್ಲಿ ಶಲ್ತಿಬಾರ್ಶ್ಚೈ ತರಿಸಿದೆವು. ಗುಲಾಬಿ ಬಣ್ಣದ ತಣ್ಣನೆಯ ಸಾರು: ಹುಳಿ ಮಜ್ಜಿಗೆಯಂಥ ಕೆಫಿರ್, ಬೀಟ್ರೂಟ್, ಸೌತೆಕಾಯಿ, ಮೇಲೆ ಕೈತುಂಬ ಸಬ್ಬಸಿಗೆ ಸೊಪ್ಪು. ಪಕ್ಕದ ತಟ್ಟೆಯಲ್ಲಿ ಬಿಸಿ ಆಲೂಗಡ್ಡೆ. ನನ್ನಾಕೆ ಮೊದಲು ಬಣ್ಣ ನೋಡಿ ಹಿಂಜರಿದಳು, ಸಬ್ಬಸಿಗೆಯ ವಾಸನೆ ಮೂಗಿಗೆ ಬಡಿದ ಮೇಲೆ ಬಟ್ಟಲು ಬಿಡಲಿಲ್ಲ. ಮೊಟ್ಟೆ ತಿನ್ನದವರು ತರಿಸುವಾಗಲೇ ಬೇಡವೆಂದು ಹೇಳಬೇಕು. ನಾವು ಹೇಳದೆ ಒಂದು ಬಟ್ಟಲು ನನ್ನ ಪಾಲಿಗೆ ಬಂತು. ಈ ದೇಶದಲ್ಲಿ ಸಬ್ಬಸಿಗೆ ಇಲ್ಲದ ಅಡುಗೆಯನ್ನು ನಾವು ಹುಡುಕಿಯೇ ಕಾಣಬೇಕಾಯಿತು. ಒಂಬತ್ತು ಗಂಟೆ ದಾಟಿದರೂ ಬೆಳಕಿತ್ತು. ರಾತ್ರಿಯ ಊಟ ಯಾವಾಗ ಮಾಡಬೇಕೆಂದು ತಿಳಿಯದೆ ಎರಡು ಸಲ ಮಾಡಿದೆವು.

ಎರಡನೇ ದಿನ: ಕೇಡೈನೈ

ವಿಲ್ನಿಯಸ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ ಆಚೀಚೆ. ಕಿಟಕಿಯಾಚೆ ಕೊಯ್ದ ರೈ ಹೊಲಗಳು, ಸುತ್ತಿಟ್ಟ ಹುಲ್ಲಿನ ಉರುಳೆಗಳು. ಬೆಟ್ಟವೆಂಬುದು ಒಂದೂ ಇಲ್ಲ. "ಊರಿನ ಹೆಸರಿನಲ್ಲೇ ಕೇಡಿದೆಯಲ್ಲ ರೀ, ಅಲ್ಲಿ ಬರೆದ ಪತ್ರ ಹೇಗೆ ಉದ್ಧಾರವಾಗುತ್ತದೆ?" ಎಂದಳು ನನ್ನಾಕೆ. ಎದುರು ಕುಳಿತಿದ್ದ ಹುಡುಗ ಹೆಸರನ್ನು ತಿದ್ದಿ ಮೂರು ಸಲ ಹೇಳಿಕೊಟ್ಟ. ನಮ್ಮ ನಾಲಗೆಗೆ ಕೇಡೇ ಬಂತು, ಹಾಗೆಯೇ ಬರೆಯುತ್ತಿದ್ದೇನೆ.

ನಿಲ್ದಾಣದಿಂದ ಹಳೆಯ ಊರು ಸ್ವಲ್ಪ ದೂರ. ನಡೆದೇ ಹೋಗೋಣ ಎಂದದ್ದು ನನ್ನ ತಪ್ಪು. ಅರ್ಧ ದಾರಿಗೆ ಮಳೆ ಹಿಡಿಯಿತು. ನಮ್ಮ ಮಳೆಯಂತೆ ಸುರಿದು ಮುಗಿಯುವುದಲ್ಲ, ಗಾಳಿಯ ಜತೆ ಅಡ್ಡಡ್ಡ ಬರುವ ತಣ್ಣನೆಯ ಜಡಿ. ಬೆಂಗಳೂರಿನಿಂದ ತಂದ ಕೊಡೆ ತಿರುಗಿ ಬಟ್ಟಲಾಯಿತು. ಇಲ್ಲಿಗೆ ಬರುವವರು ಆಗಸ್ಟ್ ಎಂದು ನಂಬದೆ ತಲೆ ಮುಚ್ಚುವ ಮಳೆಯಂಗಿ ತರಬೇಕು. ಕೊಡೆ ತರುವುದೂ ಒಂದೇ, ತರದಿರುವುದೂ ಒಂದೇ.

ಊರು ಮಾತ್ರ ಮಳೆಯಲ್ಲೂ ಚೆಲುವೆ. ನೆವೆಜಿಸ್ ನದಿ, ಕಲ್ಲು ಹಾಸಿದ ಬೀದಿಗಳು, ಒಂದು ಚೌಕ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಸಂತೆ ಚೌಕ. ಹದಿನೇಳನೇ ಶತಮಾನದಲ್ಲಿ ರಾದ್ವಿಲಾ ಮನೆತನ ಇಲ್ಲಿ ಯಾವ ಧರ್ಮದವರಿಗೂ ಜಾಗವಿಲ್ಲವೆನ್ನಲಿಲ್ಲ. ಕ್ಯಾಲ್ವಿನ್ ಪಂಥದವರ ಬಿಳಿಯ ಚರ್ಚು, ಲೂಥರನರದು, ಕ್ಯಾಥೊಲಿಕರದು, ಆರ್ಥೊಡಾಕ್ಸರದು, ಹಳೆಯ ಸಂತೆ ಚೌಕದಲ್ಲಿ ಯಹೂದಿಗಳ ಎರಡು ಸಿನಗಾಗ್. ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದ ವ್ಯಾಪಾರಿಗಳ ಮನೆಗಳೂ ಉಳಿದಿವೆ. 1653ರಲ್ಲಿ ಇಲ್ಲಿಯ ಮುದ್ರಣಾಲಯದಿಂದ ಲಿಥುವೇನಿಯನ್ ಭಾಷೆಯಲ್ಲೇ ಪ್ರಾರ್ಥನೆಯ ಪುಸ್ತಕ ಹೊರಬಂದಿತ್ತು. ಇಂಥ ಊರು ಕಟ್ಟಿಕೊಂಡವನಿಗೆ ಕಳೆದುಕೊಳ್ಳುವುದು ಬೇಕಾದಷ್ಟಿತ್ತು ಎಂಬುದು ನಡೆದಾಡಿದಾಗ ಕಾಲಿಗೇ ತಿಳಿಯುತ್ತದೆ.

ಚರ್ಚಿನ ಕೆಳಗಿನ ನೆಲಮಾಳಿಗೆಯಲ್ಲಿ ರಾದ್ವಿಲಾಗಳ ಸಮಾಧಿ ಇದೆ. ಬಾಗಿಲು ಮುಚ್ಚಿತ್ತು. ಪಕ್ಕದಲ್ಲಿ ಗುಲಾಬಿ ಗಿಡ ಕತ್ತರಿಸುತ್ತಿದ್ದ ಹೆಂಗಸು ಬೆರಳೆತ್ತಿ ನಾಳೆ ಎಂದು ಸನ್ನೆ ಮಾಡಿದಳು. ಸಮಾಧಿ ನೋಡುವವರು ಮೊದಲು ಊರಿನ ಸಂಗ್ರಹಾಲಯಕ್ಕೆ ಹೋಗಿ ವಿಚಾರಿಸುವುದು ಲೇಸು. ಅದು ಗೊತ್ತಿಲ್ಲದ ನಮಗೆ ಒಂದು ರಾತ್ರಿ ಹೆಚ್ಚು ಉಳಿಯುವ ಭಾಗ್ಯ ಬಂತು. ಭಾಗ್ಯ ಎನ್ನುವುದನ್ನು ಕೊಂಕಿನಿಂದ ಬರೆಯುತ್ತಿಲ್ಲ.

ಏಕೆಂದರೆ ಮಳೆ ನಿಂತ ಮೇಲೆ ಸೌತೆಕಾಯಿ ಕಂಡಿತು. ಕೇಡೈನೈ ಲಿಥುವೇನಿಯಾದ ಸೌತೆಕಾಯಿ ರಾಜಧಾನಿ, ಬೇಸಿಗೆಯಲ್ಲಿ ಅದರದೇ ಹಬ್ಬ ಮಾಡುತ್ತಾರೆ. ರಸ್ತೆ ಬದಿ ಒಬ್ಬ ಅಜ್ಜಿ ಬೆರಳುದ್ದದ, ಮೈಯೆಲ್ಲ ಮುಳ್ಳುಮುಳ್ಳಾದ ಕಾಯಿಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು ಕುಳಿತಿದ್ದಳು. ನನ್ನಾಕೆ ಒಂದನ್ನು ಎತ್ತಿ ಹಿಡಿದು, "ಇದು ನಮ್ಮ ಮಿಡಿಸೌತೆ!" ಎಂದು ಕೂಗಿದಳು. ಗುಬ್ಬಿಯ ಕಡೆ ಇರುವ ನನ್ನ ಭಾವಮೈದ ಕಂಪನಿ ಕೊಟ್ಟ ಬೀಜ ಹಾಕಿ ನಾಲ್ಕೈದು ವರ್ಷ ಇದನ್ನೇ ಬೆಳೆದವನು. ಅವನ ಮಿಡಿಸೌತೆ ಉಪ್ಪುನೀರಿನ ಡ್ರಮ್ಮಿನಲ್ಲಿ ಹಡಗು ಹತ್ತಿ ಯುರೋಪಿಗೆ ಬರುತ್ತಿತ್ತು. ಕಾಯಿ ಚಿಕ್ಕದಿದ್ದಷ್ಟೂ ಬೆಲೆ ಹೆಚ್ಚು. ಒಂದು ದಿನ ಕೀಳದೆ ಬಿಟ್ಟರೆ ದಪ್ಪವಾಗಿ ದರ ಬಿತ್ತು. ಇದನ್ನೆಲ್ಲ ಮೊಬೈಲಿನ ಅನುವಾದದ ಮೂಲಕ ಅಜ್ಜಿಗೆ ಹೇಳಿದೆವು. ಏನು ಅನುವಾದವಾಯಿತೋ, ಅಜ್ಜಿ ಮೊದಲು ಗಾಬರಿಯಾಗಿ ನೋಡಿ, ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಬಾಗಿ, "ಕೀಳುವಾಗ ಇಲ್ಲಿ ನೋವು ಅಲ್ಲವೇ?" ಎಂದು ನಟಿಸಿ ತೋರಿಸಿದಳು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಅವಳಿಂದ ಒಂದು ಜಾಡಿ ಉಪ್ಪಿನ ಸೌತೆಯನ್ನೂ ಕೊಂಡೆವು. ಒಳಗೆ ಬೆಳ್ಳುಳ್ಳಿ, ಓಕ್ ಎಲೆ, ಕರ್ರಂಟ್ ಗಿಡದ ಎಲೆ, ಬೀಜಗಟ್ಟಿದ ಸಬ್ಬಸಿಗೆಯ ತಲೆ. ಧನ್ಯವಾದಕ್ಕೆ ಇಲ್ಲಿ "ಆಚೂ" ಎನ್ನಬೇಕು. ನನ್ನಾಕೆ ಹೇಳಿದಾಗಲೆಲ್ಲ ನಾನು ಅಭ್ಯಾಸಬಲದಿಂದ "ಚಿರಾಯುವಾಗು" ಎನ್ನುತ್ತಿದ್ದೆ.

ಇಳಿದುಕೊಂಡ ಮನೆಯಾಕೆ ರಾತ್ರಿ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ಮೇಲೆ ಜೇನುತುಪ್ಪ ಸುರಿದು ತಂದಿಟ್ಟಳು. ಉಪ್ಪು ಖಾರ ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಮೊದಲ ತುಣುಕು ವಿಚಿತ್ರ, ಮೂರನೆಯದಕ್ಕೆ ಕೈ ತಾನಾಗಿ ಹೋಯಿತು.

ಮೂರನೇ ದಿನ: ನೆಲಮಾಳಿಗೆ

ಬೆಳಿಗ್ಗೆ ಬಿಸಿಲು. ಚರ್ಚಿನ ಒಳಗೆ ಬಣ್ಣವಿಲ್ಲ, ವಿಗ್ರಹವಿಲ್ಲ. ಬಿಳಿ ಗೋಡೆ, ಕಪ್ಪು ಬಣ್ಣಕ್ಕೆ ತಿರುಗಿದ ಓಕ್ ಮರದ ಕೆತ್ತನೆ. 1631ರಲ್ಲಿ ಆರಂಭಿಸಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಟ್ಟಿದ್ದಾರೆ. ಮುಗಿದು ಮೂರು ವರ್ಷಕ್ಕೆ ರಾಜ್ಯವೇ ಕುಸಿಯಿತು.

ಕೆಳಗಿಳಿದರೆ ತಣ್ಣನೆಯ ಕೋಣೆಯಲ್ಲಿ ಲೋಹದ ಶವಪೆಟ್ಟಿಗೆಗಳು. "ಸಿಡಿಲು" ಎಂದು ಬಿರುದಿದ್ದ ಅಜ್ಜ ಕ್ರಿಸ್ಟೊಫ್, ಮೊಮ್ಮಗ ಯೊನುಷಸ್, ಎಳವೆಯಲ್ಲೇ ತೀರಿಕೊಂಡ ಅವನ ಒಡಹುಟ್ಟಿದವರ ಪುಟ್ಟ ಪೆಟ್ಟಿಗೆಗಳು. ಯೊನುಷಸ್‌ನದು ದೊಡ್ಡದು, ಮೈತುಂಬ ಅಲಂಕಾರ. ನನ್ನ ಕಣ್ಣು ಹೋದದ್ದು ಚಿಕ್ಕವುಗಳ ಮೇಲೆ. ನನ್ನಾಕೆ ಚಪ್ಪಲಿ ಬಿಡಬೇಕೇ ಎಂದು ಪಿಸುಗುಟ್ಟಿದಳು. ಬೇಡ ಎಂದರೂ ಸೆರಗನ್ನು ಹೊದ್ದುಕೊಂಡಳು.

ಹೊರಗೆ ಚೌಕದ ಬೆಂಚಿನಲ್ಲಿ ನಿವೃತ್ತ ಇತಿಹಾಸ ಮೇಷ್ಟರೊಬ್ಬರು ಸಿಕ್ಕಿದರು. ಭಾರತದವರೆಂದು ತಿಳಿದೊಡನೆ ಇಲ್ಲಿಯವರೆಲ್ಲ ಮಾಡುವಂತೆ ಸಂಸ್ಕೃತಕ್ಕೂ ಲಿಥುವೇನಿಯನ್ನಿಗೂ ಇರುವ ನಂಟು ಶುರುಮಾಡಿದರು: ಅಗ್ನಿ ಇವರಿಗೆ ಉಗ್ನಿಸ್, ಸೂನು ಇವರಿಗೆ ಸೂನುಸ್. "ದೇವರು ಹಲ್ಲು ಕೊಟ್ಟ, ರೊಟ್ಟಿಯನ್ನೂ ಕೊಡುತ್ತಾನೆ" ಎಂಬ ಗಾದೆ ಹೇಳಿದರು. ನಮ್ಮ ಭಾಷೆ ಆ ಕಡೆಯದಲ್ಲ, ಆದರೆ ಗಾದೆ ಇದೆ ಎಂದು ನನ್ನಾಕೆ "ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ" ಎಂದು ಬಿಡಿಸಿ ಹೇಳಿದಳು. ಮೇಷ್ಟರು ಬಹಳ ಹೊತ್ತು ನಕ್ಕರು. "ರಾದ್ವಿಲಾನ ಕಥೆಗೆ ನಿಮ್ಮದೇ ಸರಿಯಾದ ಗಾದೆ" ಎಂದರು.

ಅವರಿಂದ ಕರಾರಿನ ಒಳಮೈ ತಿಳಿಯಿತು. ಇವು ಒಂದಲ್ಲ, ಎರಡು ದಸ್ತಾವೇಜು. ಆಗಸ್ಟ್ 17ರದು ರಕ್ಷಣೆ ಕೋರಿದ ಪತ್ರ: ಲಿಥುವೇನಿಯಾ ಸ್ವೀಡನ್ನಿನ ಆಸರೆಗೆ ಬರುತ್ತದೆ, ಆದರೆ ಪೋಲೆಂಡಿನ ಮೇಲೆ ಕತ್ತಿ ಎತ್ತಬೇಕಿಲ್ಲ. ಸ್ವೀಡನ್ನಿನ ಪರವಾಗಿ ಮಾತುಕತೆ ನಡೆಸಿದವನು ಉತ್ತರಕ್ಕೆ ಸ್ವೀಡನ್ನಿನ ವಶದಲ್ಲಿದ್ದ ಲಿವೋನಿಯಾದ ಗವರ್ನರ್ ಜನರಲ್ ಮ್ಯಾಗ್ನಸ್ ದೆ ಲಾ ಗಾರ್ಡಿ. ಅಕ್ಟೋಬರ್ 20ರದು ಬೇರೆಯೇ ಜಾತಿ: ಪೋಲೆಂಡಿನ ಜತೆಗಿನ 1569ರ ಸಂಬಂಧ ಕಡಿದು, ಸ್ವೀಡನ್ನಿನ ರಾಜನನ್ನೇ ತಮ್ಮ ಮಹಾರಾಜನೆಂದು ಒಪ್ಪಿಕೊಳ್ಳುವುದು. ಅದಕ್ಕೆ ಸಾವಿರದಷ್ಟು ಕುಲೀನರ ರುಜು. ನಾನು ಕೇಳಿಯೇ ಬೆವೆತೆ. ಸಾವಿರ ಜನ ಬರೆದುಕೊಡುವ ಪತ್ರ ನಮ್ಮ ಕಚೇರಿಗೆ ಬಂದಿದ್ದರೆ ಆ ವಾರವಿಡೀ ರಜೆ ಹಾಕುತ್ತಿದ್ದೆ. ಸಾಲದ್ದಕ್ಕೆ ಸ್ವೀಡನ್ನಿನ ಪಂಚಾಂಗ ಆ ಕಾಲದಲ್ಲಿ ಇವರದಕ್ಕಿಂತ ಹತ್ತು ದಿನ ಹಿಂದಿತ್ತು. ತಾರೀಖೇ ಒಂದಾಗದವರ ನಡುವಿನ ಕರಾರು!

ಕಚೇರಿಯಲ್ಲಿ ನಾನು ಕಲಿತದ್ದು ಒಂದೇ. ಮೊದಲು ಅಡವು ಪತ್ರ, ಎರಡು ತಿಂಗಳಿಗೆ ಅದೇ ಆಸ್ತಿಗೆ ಕ್ರಯಪತ್ರ ಬಂದರೆ ನಡುವೆ ಏನಾಯಿತೆಂದು ಕೇಳಬೇಕಿಲ್ಲ. ಸಾಲ ಕೊಟ್ಟವನಿಗೆ ಎದುರಿನವನ ಕೈ ಖಾಲಿ ಎಂದು ತಿಳಿದಿದೆ, ಅಷ್ಟೇ. ಇಲ್ಲಿಯೂ ಹಾಗೆಯೇ. ಆಗಸ್ಟ್‌ನಲ್ಲಿ ಪಾಲುದಾರರಾಗಲು ಹೊರಟವರು ಅಕ್ಟೋಬರ್‌ನಲ್ಲಿ ಅಧೀನರಾದರು. ಯೊನುಷಸ್‌ಗೂ ಅವನ ದಾಯಾದಿ ಬೊಗುಸ್ವಾಫ್‌ಗೂ ಸ್ವಂತ ಸಂಸ್ಥಾನಗಳ ಆಸೆ ಬೇರೆ ಇತ್ತು. ಇದನ್ನು ನಮ್ಮಲ್ಲಿ ಏನೆನ್ನುತ್ತಾರೆಂದು ಮೇಷ್ಟರಿಗೆ ಹೇಳಲಿಲ್ಲ.

"ಹಾಗಾದರೆ ಅವನು ದ್ರೋಹಿಯೇ?" ಎಂದೆ.

ಮೇಷ್ಟರು ಸಿಟ್ಟಾಗಲಿಲ್ಲ. "ಜುಲೈ 25ರಂದೇ ಪೋಲೆಂಡಿನ ಪಶ್ಚಿಮದ ಕುಲೀನರು ಉಯ್ಷ್ಚೆಯಲ್ಲಿ ಸ್ವೀಡನ್ನರಿಗೆ ಶರಣಾಗಿದ್ದರು. ಮುಂದೆ ಪೋಲೆಂಡಿನ ರಾಜನಾಗಿ ತುರ್ಕರಿಂದ ವಿಯೆನ್ನಾ ಉಳಿಸಿದ ಸೊಬಿಯೆಸ್ಕಿ ಕೂಡ ಆ ಚಳಿಗಾಲ ಸ್ವೀಡನ್ನರ ಪಾಳೆಯದಲ್ಲೇ ಇದ್ದ. ಅವರೆಲ್ಲ ಆಮೇಲೆ ತಿರುಗಿ ಬಂದರು. ನಮ್ಮವನು ತಿರುಗುವ ಮೊದಲೇ ಸತ್ತ" ಎಂದರು. ಒಂದು ಕ್ಷಣ ಬಿಟ್ಟು, "ತಿರುಗುತ್ತಿದ್ದನೋ ಇಲ್ಲವೋ, ನಾನು ಜಾಮೀನು ನಿಲ್ಲುವುದಿಲ್ಲ" ಎಂದೂ ಸೇರಿಸಿದರು. ಅವರ ಮೇಲೆ ಗೌರವ ಹುಟ್ಟಿದ್ದು ಆ ಎರಡನೇ ಮಾತಿಗೆ.

ಸಂಜೆ ಹಳೆಯ ಸಂತೆ ಚೌಕಕ್ಕೆ ಹೋದೆವು. ಎರಡು ಸಿನಗಾಗ್‌ಗಳು ಅಕ್ಕಪಕ್ಕ ನಿಂತಿವೆ. ಒಂದರಲ್ಲಿ ಬಹುಸಂಸ್ಕೃತಿ ಕೇಂದ್ರ. ಪ್ರಾರ್ಥಿಸುವವರು ಉಳಿದಿಲ್ಲ. ನಾಜಿ ಆಕ್ರಮಣದ ಕಾಲದಲ್ಲಿ, 1941ರ ಆಗಸ್ಟ್ 28ರಂದು, ಈ ಊರಿನ ಮತ್ತು ಸುತ್ತಲಿನ ಎರಡು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಒಂದೇ ದಿನ ಕೊಂದರು. ಅಲ್ಲಿಂದ ಮುಂದೆ ರಾದ್ವಿಲಾನ ಬಗ್ಗೆ ಮಾತಾಡಲು ಮನಸ್ಸು ಬರಲಿಲ್ಲ. ನದಿಯ ದಡದಲ್ಲಿ ಸುಮ್ಮನೆ ನಡೆದು ಮನೆಗೆ ಬಂದೆವು.

ನಾಲ್ಕನೇ ದಿನ: ಬಿರ್ಜೈ

ಪಾನೆವೆಜಿಸ್‌ನಲ್ಲಿ ಬಸ್ಸು ಬದಲಿಸಿ ಉತ್ತರಕ್ಕೆ, ಲಾಟ್ವಿಯಾದ ಗಡಿಯ ಹತ್ತಿರದ ಬಿರ್ಜೈಗೆ ಹೋದೆವು. ಬದಲಿಸುವ ಗಡಿಬಿಡಿಯಲ್ಲಿ ಚೀಲ ನೆಲಕ್ಕೆ ತಾಗಿ ಜಾಡಿಯ ಮುಚ್ಚಳ ಸಡಿಲವಾಯಿತು. ತಿಳಿದದ್ದು ಬಸ್ಸಿನೊಳಗೆ ಬೆಳ್ಳುಳ್ಳಿಯ ವಾಸನೆ ಹರಡಿ, ಮುಂದಿನ ಸಾಲಿನವರು ತಿರುಗಿ ನೋಡಿದ ಮೇಲೆ. ನನ್ನ ಟಿಪ್ಪಣಿ ಪುಸ್ತಕ ಉಪ್ಪುನೀರು ಕುಡಿದಿತ್ತು. ಮೇಷ್ಟರು ಹೇಳಿದ್ದನ್ನು ಬರೆದುಕೊಂಡ ಪುಟಗಳಲ್ಲಿ ಆಗಸ್ಟ್ ಉಳಿದಿದೆ, ಅಕ್ಟೋಬರ್ ನೀಲಿ ಕೆರೆಯಾಗಿದೆ. ಸೌತೆಕಾಯಿಗೇನೂ ಆಗಿರಲಿಲ್ಲ. ನನ್ನಾಕೆಗೆ ಅದೇ ಸಮಾಧಾನ. ಜಾಡಿ ಕೊಳ್ಳುವವರು ಪ್ಲಾಸ್ಟಿಕ್ ಚೀಲ ಎರಡು ಸುತ್ತಿ, ಪುಸ್ತಕದಿಂದ ದೂರ ಇಡಿ.

ಬಿರ್ಜೈ ರಾದ್ವಿಲಾಗಳ ಕೋಟೆಯ ಊರು. ಮಣ್ಣಿನ ದಿಬ್ಬಗಳು, ನೀರಿನ ಕಂದಕ, ನಡುವೆ ಮತ್ತೆ ಕಟ್ಟಿದ ಬಿಳಿಯ ಅರಮನೆ. ಇಲ್ಲಿ ನಿಂತಾಗ ನನಗೆ ಅರ್ಥವಾಗದ ವಿಷಯ ಒಂದೇ: 1625ರಲ್ಲಿ, ಯೊನುಷಸ್‌ನ ತಂದೆಯ ಕಾಲದಲ್ಲಿ, ಈ ಕೋಟೆಯನ್ನು ಮುತ್ತಿ ಹಿಡಿದವರು ಇದೇ ಸ್ವೀಡನ್ನರು. ಅಪ್ಪನ ಮನೆಗೆ ನುಗ್ಗಿದವನನ್ನೇ ಮಗ ಕಾವಲಿಗೆ ಕರೆದ. ಕೊನೆಗೆ 1704ರಲ್ಲಿ ಅದೇ ಸ್ವೀಡನ್ನಿನ ಸೈನ್ಯ ಕೋಟೆಯನ್ನು ಸ್ಫೋಟಿಸಿಹೋಯಿತು. ಸ್ವೀಡನ್ನರಿಗೆ ಲಿಥುವೇನಿಯಾ ಬೇಕಾಗಿತ್ತು. ಲಿಥುವೇನಿಯಾದವರು ಬೇಕಾಗಿದ್ದರೇ ಎಂಬುದು ಬೇರೆ ಪ್ರಶ್ನೆ. ರಕ್ಷಣೆಗೆಂದು ಬಂದ ಪಡೆಗಳು ಹಳ್ಳಿಗಳಿಂದ ಧಾನ್ಯ, ಹಣ ಎತ್ತತೊಡಗಿದವು. 1656ರ ವಸಂತದ ಹೊತ್ತಿಗೆ ಜನ ಅವರ ಮೇಲೇ ತಿರುಗಿಬಿದ್ದರು. ಸ್ವಾಧೀನ ತೆಗೆದುಕೊಂಡವನು ಹೊಲ ಉಳಿಸುವ ಮಾತಾಡಿ ಫಸಲು ಒಯ್ದರೆ, ಪತ್ರಕ್ಕೆ ಎಷ್ಟು ರುಜು ಇದ್ದರೇನು?

ಶಿರ್ವೆನಾ ಕೆರೆಯ ಮೇಲೆ ನಡೆಯುವವರಿಗೆಂದೇ ಕಟ್ಟಿದ 525 ಮೀಟರ್ ಉದ್ದದ ಮರದ ಸೇತುವೆ ಇದೆ. ದೇಶದಲ್ಲೇ ಅತಿ ಉದ್ದದ್ದು. ನಡುವೆ ಗಾಳಿ ಹೇಗೆ ಬೀಸಿತೆಂದರೆ ನನ್ನ ಟೋಪಿ ಕೆರೆಗೆ ಅರ್ಪಣೆಯಾಯಿತು. ಮೀನು ಹಿಡಿಯುತ್ತಿದ್ದ ಹುಡುಗರು ಗಾಳದಿಂದ ಎಳೆಯಲು ಅರ್ಧ ಗಂಟೆ ಹೆಣಗಿದರು, ಸಿಗಲಿಲ್ಲ. ಕೊನೆಗೆ ಅವರಿಗೂ ನಮಗೂ ಐಸ್‌ಕ್ರೀಮ್ ಕೊಡಿಸಿದೆ.

ಊರಾಚೆ ನೆಲ ಇದ್ದಕ್ಕಿದ್ದಂತೆ ಕುಸಿದು ಗುಂಡಿಯಾಗುವ ಪ್ರದೇಶವಿದೆ. ಕೆಳಗಿನ ಜಿಪ್ಸಮ್ ನೀರಿಗೆ ಕರಗಿ ಹೋಗುತ್ತದಂತೆ. ಅವುಗಳಲ್ಲಿ ಒಂದರ ಹೆಸರು ಹಸುವಿನ ಗುಹೆ. ಮೇಯುತ್ತಿದ್ದ ಹಸು ಒಳಗೆ ಬಿದ್ದಿತ್ತೆಂದು ಕಥೆ. ನನ್ನಾಕೆ ಅಂಚಿಗೆ ಹೋಗಲು ಬಿಡಲಿಲ್ಲ. "ಟೋಪಿ ಹೋಯಿತು, ಅಷ್ಟು ಸಾಕು" ಎಂದಳು. ಬಿರ್ಜೈ ಬಿಯರ್‌ಗೂ ಹೆಸರುವಾಸಿ. ಅದರ ವಿಚಾರ ಇಲ್ಲಿ ಬರೆಯುವುದಿಲ್ಲ, ಮನೆಯವರು ಓದುತ್ತಾರೆ.

ಐದನೇ ದಿನ: ರೈಲು

ಇಡೀ ದಿನ ದಾರಿ. ಕೌನಸ್‌ಗೆ ಬಸ್ಸು, ಅಲ್ಲಿಂದ ಪೋಲೆಂಡಿಗೆ ರೈಲು. ಗಡಿಯ ಹತ್ತಿರ ಮೊಕಾವಾ ಎಂಬಲ್ಲಿ ಎಲ್ಲರೂ ಇಳಿದು ಎದುರಿನ ರೈಲಿಗೆ ಹತ್ತಬೇಕು, ಏಕೆಂದರೆ ಲಿಥುವೇನಿಯಾದ ಹಳಿ 1520 ಮಿಲಿಮೀಟರ್, ಪೋಲೆಂಡಿನದು 1435. ಒಂದು ಕಾಲದಲ್ಲಿ ಒಂದೇ ರಾಜ್ಯವಾಗಿದ್ದವು ಇವು! ಗಡಿ ದಾಟಿದೊಡನೆ ಗಡಿಯಾರವೂ ಒಂದು ಗಂಟೆ ಹಿಂದೆ ಹೋಯಿತು. ಹೆಸರೂ ಬದಲಾಯಿತು. ಇಲ್ಲಿ ಅವನು ಯೊನುಷಸ್ ರಾದ್ವಿಲಾ ಅಲ್ಲ, ಯಾನುಷ್ ರಾಜಿವೀವ್. ಊರಿನ ಹೆಸರಿನಲ್ಲಿ ಕೇಡು, ಮನುಷ್ಯನ ಹೆಸರಿನಲ್ಲಿ ರಾಜಿ. ಇದಕ್ಕಿಂತ ಒಳ್ಳೆಯ ದಸ್ತಾವೇಜು ಬರಹಗಾರ ಎಲ್ಲಿ ಸಿಗುತ್ತಾನೆ ಎಂದುಕೊಂಡು ನಿದ್ದೆ ಹೋದೆ. ರಾತ್ರಿ ಬಿಯಾವಿಸ್ತೋಕ್‌ನಲ್ಲಿ ಇಳಿದೆವು.

ಆರನೇ ದಿನ: ತಿಕೋಚಿನ್

ಆಗಸ್ಟ್ 15. ಮೇರಿ ಮಾತೆಯ ಹಬ್ಬ. ಪೋಲೆಂಡಿನಲ್ಲಿ ಸಾರ್ವತ್ರಿಕ ರಜೆ. ನಮಗೆ ನಮ್ಮ ಸ್ವಾತಂತ್ರ್ಯ ದಿನ ಮಾತ್ರ ನೆನಪಿತ್ತು. ಬೆಳಿಗ್ಗೆ ಮಗಳು ಫೋನಿನಲ್ಲಿ ಧ್ವಜಾರೋಹಣದ ಚಿತ್ರ ಕಳುಹಿಸಿದಳು, ನಾವು ಬಸ್ ನಿಲ್ದಾಣದಲ್ಲಿ ಬೀಗ ಹಾಕಿದ ಅಂಗಡಿಗಳ ಚಿತ್ರ ಕಳುಹಿಸಿದೆವು. ಈ ದಿನ ಬಸ್ಸುಗಳು ಬೆರಳೆಣಿಕೆ. ಬರುವವರು ಹಿಂದಿನ ದಿನವೇ ರೊಟ್ಟಿ, ಹಣ್ಣು ಕೊಂಡಿಡಬೇಕು. ನಮ್ಮ ಬಳಿ ಜಾಡಿಯಲ್ಲಿ ಏಳು ಸೌತೆಕಾಯಿಗಳಿದ್ದವು.

ಹೇಗೋ ಒಂದು ಬಸ್ಸು ಸಿಕ್ಕಿ ಹನ್ನೊಂದರ ಹೊತ್ತಿಗೆ ತಿಕೋಚಿನ್ ತಲುಪಿದೆವು. ನಾರೆವ್ ನದಿಯ ಹುಲ್ಲುಗಾವಲು, ಕಂಬಗಳ ಮೇಲೆ ಕೊಕ್ಕರೆಗಳ ಗೂಡು, ಒಂದಂತಸ್ತಿನ ಮರದ ಮನೆಗಳು. ಚರ್ಚಿನಿಂದ ಹೆಂಗಸರು ಹೊರಬರುತ್ತಿದ್ದರು. ಕೈಯಲ್ಲಿ ಹೂವು, ಧಾನ್ಯದ ತೆನೆ, ಔಷಧಿ ಸೊಪ್ಪುಗಳ ಗೊಂಚಲು. ಅವನ್ನು ಪೂಜೆ ಮಾಡಿಸಿ ಮನೆಗೆ ಒಯ್ಯುತ್ತಾರೆ. ನನ್ನಾಕೆ ಒಬ್ಬಳ ಗೊಂಚಲಿನಲ್ಲಿ ಸಬ್ಬಸಿಗೆ ಕಂಡುಹಿಡಿದು ತೋರಿಸಿದಳು.

ಚೌಕದ ನಡುವೆ ನಿಂತಿರುವುದು ರಾಜಿವೀವ್ ಅಲ್ಲ. ಅವನ ಕಾಲದಲ್ಲೇ ಸ್ವೀಡನ್ನರ ವಿರುದ್ಧ ಹೋರಾಡಿದ ಸ್ಟೆಫಾನ್ ಚಾರ್ನಿಯೆಟ್ಸ್ಕಿ. ಹದಿನೆಂಟನೇ ಶತಮಾನದ ಹಳೆಯ ಪ್ರತಿಮೆ. ಕೋಟೆ ನದಿಯಾಚೆ ಇದೆ. ಇತ್ತೀಚೆಗೆ ಒಂದಷ್ಟು ಮತ್ತೆ ಕಟ್ಟಿದ್ದಾರೆ, ಇಟ್ಟಿಗೆ ಇನ್ನೂ ಹೊಸತು. 1655ರ ಡಿಸೆಂಬರ್‌ನಲ್ಲಿ ಯಾನುಷ್ ಇಲ್ಲಿ ಒಳಗಿದ್ದ, ಹೊರಗೆ ಪೋಲೆಂಡಿನ ರಾಜನಿಗೆ ನಿಷ್ಠರಾದವರು. ಸ್ವೀಡನ್ನಿನ ರಾಜ ಬೇರೆಡೆ ಯುದ್ಧದಲ್ಲಿದ್ದ. ಡಿಸೆಂಬರ್ 31ರಂದು ಯಾನುಷ್ ಸತ್ತ. ನಲವತ್ತಮೂರು ವರ್ಷ. ಅಕ್ಟೋಬರ್ 20ರ ರುಜುವಿಗೂ ಸಾವಿಗೂ ನಡುವೆ ಎಪ್ಪತ್ತೆರಡು ದಿನ. ಕೋಟೆಯ ಗೋಡೆಗೆ ಒರಗಿ ಬೆರಳು ಮಡಿಸಿ ಎಣಿಸಿದೆ. ಕೋಟೆ ಮಾತ್ರ 1657ರ ಜನವರಿವರೆಗೆ ನಿಂತಿತು. ಲಿಥುವೇನಿಯಾದ ಹೊಸ ಹೆಟ್ಮನ್ ಪಾವೆಲ್ ಸಪಿಯೆಹಾ ನುಗ್ಗಿದಾಗ ಒಳಗಿದ್ದವರು ಮದ್ದಿಗೆ ಬೆಂಕಿಯಿಟ್ಟರು. ದಾಯಾದಿ ಬೊಗುಸ್ವಾಫ್ ಬದುಕಿಕೊಂಡ. ಬ್ರಾಂಡೆನ್‌ಬರ್ಗ್ ಪ್ರಭುವಿನ ಸೇವೆ ಸೇರಿ, ಪ್ರಷ್ಯಾದ ಗವರ್ನರ್ ಆಗಿ, ಸ್ವೀಡನ್ನಿನ ಜತೆಗಿನ ಯುದ್ಧ ಮುಗಿಸಿದ 1660ರ ಒಲಿವಾ ಶಾಂತಿಯವರೆಗೂ, ಆಮೇಲೂ ಚೆನ್ನಾಗಿಯೇ ಬಾಳಿದ.

1642ರ ದೊಡ್ಡ ಸಿನಗಾಗ್ ಕೂಡ ನೋಡಿದೆವು. ಗೋಡೆಯ ತುಂಬ ಬರೆದ ಪ್ರಾರ್ಥನೆಗಳು. ಯಾನುಷ್ ಒಳಗೆ ಸಾಯುತ್ತಿದ್ದಾಗ ಈ ಗೋಡೆಗಳು ಇಲ್ಲೇ ನಿಂತಿದ್ದವು. ಈ ಊರಿನ ಯಹೂದಿಗಳನ್ನೂ 1941ರ ಆಗಸ್ಟ್‌ನಲ್ಲೇ ಪಕ್ಕದ ಕಾಡಿಗೆ ಒಯ್ದು ಕೊಂದರು.

ಮೂರು ಗಂಟೆಗೆ ಬರಬೇಕೆಂದು ಹಾಕಿದ್ದ ಬಸ್ಸು ರಜೆಯ ದಿನ ಇಲ್ಲವೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಜೀವಮಾನವಿಡೀ ಸಣ್ಣ ಅಕ್ಷರ ಓದಿ ಸಂಬಳ ಪಡೆದವನು ಅದನ್ನು ಓದಿರಲಿಲ್ಲ. ನಾಲ್ಕಾಯಿತು, ಐದಾಯಿತು. ನಿಲ್ದಾಣದ ಬೆಂಚಿನಲ್ಲಿ ಸೌತೆಕಾಯಿಗಳನ್ನು ಒಂದೊಂದಾಗಿ ಮುಗಿಸಿದೆವು. ಮತ್ತೆ ಮೋಡ ಕಟ್ಟಿತು. ಆಗ ಹಳೆಯ ಕಾರೊಂದು ನಿಂತಿತು. ಐವತ್ತರ ಆಸುಪಾಸಿನ ಮನುಷ್ಯ, ಹಿಂದಿನ ಸೀಟಿನ ಮೇಲೆ ಚರ್ಚಿನ ಸೊಪ್ಪಿನ ಗೊಂಚಲು. ಬಿಯಾವಿಸ್ತೋಕ್‌ಗೆ ತಾನೂ ಹೋಗುತ್ತಿದ್ದೇನೆ, ಹಣ ಬೇಡ, ಹತ್ತಿ ಎಂದ. ಕಾರಿನೊಳಗೆ ಪುದಿನದ ವಾಸನೆ.

ಇಲ್ಲಿ ಏನು ನೋಡಲು ಬಂದಿರಿ ಎಂದು ಮುರುಕು ಇಂಗ್ಲಿಷಿನಲ್ಲಿ ಕೇಳಿದ. ರಾಜಿವೀವ್ ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ಪೋಲಿಷಿನ ಒಂದೇ ಪದ ಹೇಳಿದ: "ಜ್ದ್ರಾಯ್ಟ್ಸಾ." ಆಮೇಲೆ ನನಗೆ ಅರ್ಥವಾಗಿರಲಿಕ್ಕಿಲ್ಲವೆಂದು ಸ್ಟಿಯರಿಂಗ್ ಬಿಟ್ಟು, ಬೆನ್ನಿಗೆ ಚೂರಿ ಹಾಕುವ ಸನ್ನೆ ಮಾಡಿ ತೋರಿಸಿದ. ಹತ್ತೊಂಬತ್ತನೇ ಶತಮಾನದ ಒಂದು ಕಾದಂಬರಿ ರಾಜಿವೀವ್‌ನನ್ನು ಹೀಗೆಯೇ ಚಿತ್ರಿಸಿ ಇಲ್ಲಿ ಮನೆಮನೆಗೂ ತಲುಪಿಸಿದೆಯೆಂದು ಮೇಷ್ಟರು ಎಚ್ಚರಿಸಿದ್ದರು. ನನ್ನ ಬಾಯಲ್ಲಿ ಉಯ್ಷ್ಚೆ ಬಂದಿತ್ತು, ಸೊಬಿಯೆಸ್ಕಿ ಬಂದಿತ್ತು, ಒಂಬತ್ತು ದಿನದ ಲೆಕ್ಕವೂ ಬಂದಿತ್ತು. ಗಾಜಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು. "ಅಲ್ಲವೇ?" ಎಂಬಂತೆ ಅವನು ಹುಬ್ಬು ಹಾರಿಸಿ ಕಾದ. ನಾನು ಹೌದೆಂದು ತಲೆಯಾಡಿಸಿದೆ.

"ಒಪ್ಪಿಕೊಂಡೇಬಿಟ್ಟಿರಲ್ಲ?" ಎಂದಳು ನನ್ನಾಕೆ ಕನ್ನಡದಲ್ಲಿ, ಮುಂದೆ ನೋಡುತ್ತಲೇ.

"ಊರು ಇನ್ನೂ ಮೂವತ್ತು ಕಿಲೋಮೀಟರ್ ಇದೆ" ಎಂದೆ.